ಡೂಲಿಟಲ್ ಆಲ್ಬಂನ ಮತ್ತೆ ಮೊದಲಿಂದ ಕೇಳೋದು ಹೇಗೆ

ಪಿಕ್ಸೀಸ್ ಬ್ಯಾಂಡಿನ ಡೂಲಿಟಲ್ ಬಗ್ಗೆ ಎಲ್ಲಾದ್ರೂ ಒಂದು ಕಡೆ ಓದೇ ಇರ್ತೀರ, ಆಲ್ಟರ್ನೇಟಿವ್ ರಾಕ್‌ನ ದಿಕ್ಕೇ ಬದಲಿಸಿದ್ದು, ನಿರ್ವಾಣ ಅನ್ನೋ ಬ್ಯಾಂಡಿಗೆ ದಾರಿ ಮಾಡಿಕೊಟ್ಟಿದ್ದು, ಹಾಗೆ ಹೀಗೆ ಅಂತ. ಅಷ್ಟೆಲ್ಲಾ ಓದ್ಕೊಂಡು ಆಸೆಯಿಂದ ಹಾಕಿ ಕೇಳಿದ್ರೆ, ಚೆನ್ನಾಗೇನೋ ಇದೆ, ಆದ್ರೆ ಇದ್ರಲ್ಲಿ ಅಂಥಾದ್ದೇನಪ್ಪಾ ಅನ್ಸತ್ತೆ. ಸುಮಾರು ಜನಕ್ಕೆ ಹಾಗೇ ಆಗೋದು. ಕಾರಣ ಸಿಂಪಲ್. 1989ರ ಏಪ್ರಿಲ್‌ನಲ್ಲಿ ಈ ಆಲ್ಬಂ ಬಂದಾಗ ಇದ್ರಲ್ಲಿ ಏನೇನು ಹೊಸದಾಗಿತ್ತೋ ಅದನ್ನೆಲ್ಲಾ ಆಮೇಲೆ ಬಂದೋರು ಎತ್ಕೊಂಡು ಬಳಸಿ ಬಳಸಿ ಸವೆಸಿಬಿಟ್ರು, ನಾವು ಮೊದಲು ಕಾಪಿಗಳನ್ನ ಕೇಳ್ಕೊಂಡು ಬೆಳೆದು ಕೊನೇಲಿ ಒರಿಜಿನಲ್ ಹತ್ರ ಬರ್ತಿದೀವಿ. ಹಾಗಾಗಿ ಸುಮ್ನೆ ಇನ್ನೊಂದ್ಸಲ ಪ್ಲೇ ಒತ್ತಿದ್ರೆ ಪ್ರಯೋಜನ ಇಲ್ಲ, ಸ್ವಲ್ಪ ಬೇರೆ ಥರ ಕೇಳ್ಬೇಕು. ಹಿಂದೆ ಯಾವಾಗ್ಲೋ ತುಂಬಾ ಕೇಳಿ ಆಮೇಲೆ ಮರೆತೇ ಹೋಗಿರೋರಿಗೂ ಇದೇ ದಾರಿ ನಡೆಯತ್ತೆ.

ಗೊತ್ತಿಲ್ದೇ ಇರೋರಿಗೆ ಬೇಸಿಕ್ ವಿಷಯ ಹೇಳ್ಬಿಡ್ತೀನಿ. ಅಮೆರಿಕದ ಬಾಸ್ಟನ್ ಊರಿನ ಬ್ಯಾಂಡ್, 1986ರಲ್ಲಿ ಶುರುವಾಗಿದ್ದು. ಬರೆಯೋದು, ಹಾಡೋದು, ಕಿರಿಚೋದು ಎಲ್ಲಾ ಬ್ಲ್ಯಾಕ್ ಫ್ರಾನ್ಸಿಸ್, ಅವರ ನಿಜವಾದ ಹೆಸರು ಚಾರ್ಲ್ಸ್ ಥಾಂಪ್ಸನ್. ಲೀಡ್ ಗಿಟಾರ್ ಜೋಯಿ ಸ್ಯಾಂಟಿಯಾಗೊ, ಡ್ರಮ್ಸ್ ಡೇವಿಡ್ ಲವರಿಂಗ್, ಬೇಸ್ ಗಿಟಾರ್ ಮತ್ತೆ ಎರಡನೇ ದನಿ ಕಿಮ್ ಡೀಲ್. ಬೇಸ್ ನುಡಿಸೋರು ಬೇಕು ಅಂತ ಪೇಪರಲ್ಲಿ ಹಾಕಿದ ಜಾಹೀರಾತಲ್ಲಿ ಹಸ್ಕರ್ ಡೂನೂ ಇಷ್ಟ ಇರ್ಬೇಕು, ಪೀಟರ್ ಪಾಲ್ ಅಂಡ್ ಮೇರಿನೂ ಇಷ್ಟ ಇರ್ಬೇಕು ಅಂತ ಇತ್ತು, ಅಂದ್ರೆ ಒಂದು ಕಡೆ ಕಿವಿ ಹರಿಯೋ ಪಂಕ್, ಇನ್ನೊಂದು ಕಡೆ ಮೂರು ಜನ ಸೇರ್ಕೊಂಡು ಮೆದುವಾಗಿ ಹಾಡೋ ಫೋಕ್. ಅದನ್ನ ನೋಡ್ಕೊಂಡು ಬಂದಿದ್ದು ಕಿಮ್ ಡೀಲ್ ಒಬ್ಬರೇ, ಅವರೂ ಅಲ್ಲೀವರೆಗೂ ಬೇಸ್ ನುಡಿಸಿದವರೇ ಅಲ್ಲ! ಈ ಜಾಹೀರಾತನ್ನ ಒಂಚೂರು ತಲೇಲಿ ಇಟ್ಕೊಂಡಿರಿ, ಆಲ್ಬಂ ಪೂರ್ತಿ ಈ ಎರಡರ ಜಗಳಾನೇ.

ಹೆಜ್ಜೆ 1: ಫೋನಲ್ಲಿ ಸೆಟ್ಟಿಂಗ್ಸ್ ಸರಿ ಮಾಡ್ಕೊಳ್ಳಿ

ಇದನ್ನ ಸ್ಕಿಪ್ ಮಾಡ್ಬೇಡಿ ದಯವಿಟ್ಟು. ಈ ಆಲ್ಬಂನ ಅರ್ಧ ಜೀವ ಇರೋದು ಸಣ್ಣ ಸದ್ದು ದೊಡ್ಡ ಸದ್ದಿನ ನಡುವಿನ ವ್ಯತ್ಯಾಸದಲ್ಲಿ, ಅದನ್ನ ಕೊಲ್ಲೋಕೆ ಅಂತಾನೇ ಆ್ಯಪ್‌ಗಳಲ್ಲಿ ನಾಲ್ಕೈದು ಬಟನ್ ಇಟ್ಟಿದಾರೆ. ಶಫಲ್ ಆಫ್. ಒಂದು ಹಾಡಿನ ಕೊನೇನ ಇನ್ನೊಂದರ ಶುರುಗೆ ಬೆರೆಸೋ ಕ್ರಾಸ್‌ಫೇಡ್ ಆಫ್. ಈಕ್ವಲೈಜರ್, ಬೇಸ್ ಬೂಸ್ಟ್, ಸುತ್ತಮುತ್ತ ಕೇಳಿಸೋ ಹಾಗೆ ಮಾಡೋ ಎಫೆಕ್ಟ್ ಏನಿದ್ರೂ ಆಫ್. ಎಲ್ಲಾ ಹಾಡಿನ ಸದ್ದನ್ನ ಒಂದೇ ಮಟ್ಟಕ್ಕೆ ತರೋ ವಾಲ್ಯೂಮ್ ನಾರ್ಮಲೈಸೇಶನ್ ಅನ್ನೋದ್ರ ಕೆಳಗೆ ಲೌಡ್ ಅಂತ ಏನಾದ್ರೂ ಸೆಲೆಕ್ಟ್ ಆಗಿದ್ರೆ ಅದನ್ನ ತೆಗೀರಿ, ಯಾಕಂದ್ರೆ ಅದು ಸದ್ದು ಏರೋ ಜಾಗದಲ್ಲಿ ತಲೆ ಮೇಲೆ ಕೈಯಿಟ್ಟು ಒತ್ತಿ ಕೂರ್ಸತ್ತೆ. ಆಟೋಪ್ಲೇನೂ ಆಫ್ ಮಾಡಿ, ಇಲ್ಲಾಂದ್ರೆ ಕೊನೇ ಹಾಡು ಮುಗಿದ ತಕ್ಷಣ ಆ್ಯಪ್ ತನಗೆ ತೋಚಿದ್ದೇನೋ ಹಾಕ್ಬಿಡತ್ತೆ.

ಯಾವ ವರ್ಶನ್ ಅಂದ್ರೆ, 15 ಹಾಡಿರೋ ಮಾಮೂಲಿ ಆಲ್ಬಂ. 2014ರಲ್ಲಿ 25 ವರ್ಷದ ನೆಪದಲ್ಲಿ ಬಿ ಸೈಡು (ಸಿಂಗಲ್ ರೆಕಾರ್ಡಿನ ಹಿಂಬದಿ ಹಾಡು), ಡೆಮೋ (ಮೊದಲಿನ ಕಚ್ಚಾ ರೆಕಾರ್ಡಿಂಗ್) ಎಲ್ಲಾ ಸೇರಿಸಿ ಒಂದು ದೊಡ್ಡ ಸೆಟ್ ಬಿಟ್ಟಿದಾರೆ, ಅದು ಆಮೇಲೆ ಬೇಕಾಗತ್ತೆ, ಈಗ ಬೇಡ.

ಬಸ್ಸು, ಜಿಮ್ಮು, ಮಿಕ್ಸಿ ಓಡ್ತಿರೋ ಅಡುಗೆಮನೆ ಇಲ್ಲೆಲ್ಲಾ ಈ ಆಲ್ಬಂ ಕೇಳೋಕೆ ಆಗಲ್ಲ, ಸಣ್ಣ ಭಾಗಗಳು ಪೂರ್ತಿ ಮುಳುಗಿಹೋಗಿ ಬರೀ ಕಿರುಚಾಟ ಉಳ್ಕೊಳತ್ತೆ. ಹೆಡ್‌ಫೋನೋ ಸ್ಪೀಕರ್ರೋ ನಿಮ್ಮಿಷ್ಟ. ವಾಲ್ಯೂಮ್ ಮಾತ್ರ ಮೊದಲನೇ ಹಾಡಲ್ಲೇ ಫಿಕ್ಸ್ ಮಾಡ್ಕೊಂಡ್ಬಿಡಿ, ಆಮೇಲೆ ಮುಟ್ಬೇಡಿ.

ಹೆಜ್ಜೆ 2: ಒಂದೇ ಕೂತಲ್ಲಿ, ಬೇಸ್ ಗಿಟಾರ್ ಹಿಡ್ಕೊಂಡು

ಇಡೀ ಆಲ್ಬಂ 39 ನಿಮಿಷಾನೂ ಇಲ್ಲ. ಫೋನ್ ಉಲ್ಟಾ ಮಲಗ್ಸಿ ಕೂತ್ಕೊಳ್ಳಿ. ಈ ಸಲ ಹಾಡೋರನ್ನ ಕೇಳೋಕೆ ಹೋಗ್ಬೇಡಿ, ಪದ ಏನು ಅಂತ ಹುಡುಕ್ಬೇಡಿ, ಕಿಮ್ ಡೀಲ್ ಅವರ ಬೇಸ್ ಎಲ್ಲಿದೆ ಅಂತ ಅಷ್ಟನ್ನೇ ಹಿಡ್ಕೊಂಡು ಹೋಗಿ. ಮೊದಲ ಹಾಡು ಡಿಬೇಸರ್ ಶುರುವಾಗೋದೇ ಅದ್ರಿಂದ, ಹಾಗಾಗಿ ದಾರದ ತುದಿ ಸುಲಭವಾಗಿ ಸಿಗತ್ತೆ.

ಬೇಸ್ ಯಾಕೆ ಅಂದ್ರೆ, ಈ ಬ್ಯಾಂಡಲ್ಲಿ ಹಾಡಿನ ಗೋಡೆ ನಿಲ್ಸೋದು ಗಿಟಾರ್ ಅಲ್ಲ, ಬೇಸು ಡ್ರಮ್ಸು. ಗಿಟಾರ್ ಬರತ್ತೆ, ಚುಚ್ಚತ್ತೆ, ಹೋಗತ್ತೆ. ಚರಣದ ಪೂರ್ತಿ ಗಿಟಾರ್ ಸುಮ್ನೆ ಇರೋದು ಅಥವಾ ಒಂದೆರಡು ನೋಟ್ ಮಾತ್ರ ಹಾಕಿ ಹೋಗೋದು ಎಷ್ಟು ಸಲ ಆಗತ್ತೆ ಅಂತ ಗಮನಿಸ್ತಾ ಹೋಗಿ, ಐ ಬ್ಲೀಡ್, ಹೇ, ಗೌಜ್ ಅವೇ ಈ ಮೂರ್ರಲ್ಲಂತೂ ಬೇಸ್ ಇಲ್ದಿದ್ರೆ ಹಾಡೇ ಇಲ್ಲ. ನುಡಿಸಾಣಿಕೆ ಕಷ್ಟದ್ದೂ ಅಲ್ಲ, ಒಂದೇ ಅಳತೇಲಿ ಟಕಟಕ ಅಂತ ಕೆಳಗಿಂದ ಹೊಡ್ಕೊಂಡು ಹೋಗೋದು ಅಷ್ಟೇ, ಆದ್ರೆ ಅದು ಕದಲೋದೇ ಇಲ್ಲ ಅನ್ನೋದ್ರಿಂದಾನೇ ಮೇಲೆ ಥಾಂಪ್ಸನ್ ಎಷ್ಟು ಬೇಕಾದ್ರೂ ಹುಚ್ಚಾಟ ಆಡ್ಬೋದು.

ಅರ್ಧಕ್ಕೆ ಒಂದು ಗ್ಯಾಪ್ ತಗೊಳ್ಳಿ. ವಿನೈಲ್ ರೆಕಾರ್ಡಲ್ಲಿ ಮೊದಲ ಸೈಡ್ ಮುಗಿಯೋದು ಏಳನೇ ಹಾಡು ಮಂಕಿ ಗಾನ್ ಟು ಹೆವನ್‌ಗೆ, ಎರಡನೇ ಸೈಡ್ ಶುರುವಾಗೋದು ಮಿಸ್ಟರ್ ಗ್ರೀವ್ಸ್‌ನಿಂದ. ಎದ್ದು ನೀರು ಕುಡ್ದು ಬನ್ನಿ. 15 ಹಾಡನ್ನ ಒಂದೇ ಸಮ ಸುರೀತಾ ಹೋದ್ರೆ ಎರಡನೇ ಅರ್ಧ ಒಟ್ಟಿಗೆ ಕಲಸಿಹೋಗತ್ತೆ, ಎರಡನೇ ಸೈಡ್ ವೀಕು ಅಂತ ಕೆಲವರು ಹೇಳೋದಕ್ಕೆ ಇದೂ ಒಂದು ಕಾರಣ ಅನ್ಸತ್ತೆ ನಂಗೆ. ನನ್ನ ಕೇಳಿದ್ರೆ ಎರಡನೇ ಸೈಡೇ ಒಂದು ಕೈ ಮೇಲು.

ಹೆಜ್ಜೆ 3: ಟೇಮ್ ಹಾಡನ್ನ ಬಿಚ್ಚಿ ನೋಡಿ

ಬೇರೆ ಯಾವ ಹೆಜ್ಜೆ ಬಿಟ್ರೂ ಇದನ್ನ ಬಿಡ್ಬೇಡಿ. ಟೇಮ್ ಎರಡು ನಿಮಿಷಕ್ಕೂ ಕಮ್ಮಿ ಇರೋ ಹಾಡು, ಇರೋದು ಮೂರೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ಡಿ, ಸಿ, ಎಫ್. ಅದು ಹಾಡಿನುದ್ದಕ್ಕೂ ಸುತ್ತುತ್ತಾ ಇರತ್ತೆ. ಚರಣದಲ್ಲಿ ಪಿಸುಮಾತು, ಬೇಸು, ಡ್ರಮ್ಸು. ಆಮೇಲೆ ಏಕ್‌ದಂ ಗಿಟಾರ್ ಬಂದು ಥಾಂಪ್ಸನ್ ಗಂಟಲು ಹರ್ಕೊಂಡು ಟೇಮ್ ಅನ್ನೋ ಒಂದೇ ಪದ ಕಿರಿಚ್ತಾರೆ. ಇದನ್ನ ಮೊದಲು ಒಂದ್ಸಲ ಹಾಗೇ ಕೇಳಿ. ಎರಡನೇ ಸಲ ಕೇಳುವಾಗ ಬೆರಳಲ್ಲಿ ಬೇಸಿನ ಲೆಕ್ಕ ಹಾಕ್ತಾ ಕೇಳಿ, ಪಲ್ಲವಿ ಬಂದಾಗ ನಿಮ್ಮ ಬೆರಳು ಏನೂ ಬದಲಾಯಿಸ್ಬೇಕಾಗಲ್ಲ. ಅಲ್ಲೇ ಇರೋದು ಗುಟ್ಟು. ಸಾಮಾನ್ಯವಾಗಿ ರಾಕ್ ಹಾಡಲ್ಲಿ ಚರಣದಿಂದ ಪಲ್ಲವಿಗೆ ಹೋಗುವಾಗ ಕಾರ್ಡ್ ಬದಲಾಗತ್ತೆ, ರಾಗ ಮೇಲಕ್ಕೆ ಏರತ್ತೆ, ಇಲ್ಲಿ ಅವೆಲ್ಲಾ ಇದ್ದ ಹಾಗೇ ಇದ್ದು ಬರೀ ಸದ್ದು ಬದಲಾಗತ್ತೆ, ಬರೀ ಸದ್ದನ್ನ ಬದಲಾಯಿಸಿ ಒಂದು ಹಾಡು ಕಟ್ಬೋದು ಅಂತ ಇವರು ತೋರ್ಸಿದ್ರು.

ಕೊನೇ ಹಾಡು ಗೌಜ್ ಅವೇನೂ ಇದೇ ಐಡಿಯಾ, ಆದ್ರೆ ಅಲ್ಲಿ ಕಿರುಚಾಟಕ್ಕಿಂತ ಕಾಯ್ಸೋದು ಜಾಸ್ತಿ. ಟೇಮ್ ಆದ್ಮೇಲೆ ನೇರ ಅದಕ್ಕೆ ಹಾರಿ, ಎರಡೂ ಪಕ್ಕಪಕ್ಕ ಕೇಳಿ. ಇಷ್ಟಾದ್ಮೇಲೆ ನಿರ್ವಾಣದ 1991ರ ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್ ಹಾಕಿ, ಸಣ್ಣ ಚರಣ, ಬೇಸ್ ಮೇಲೆ ನಿಂತಿರೋದು, ಆಮೇಲೆ ಸ್ಫೋಟ. ನಿರ್ವಾಣದ ಹಾಡುಗಾರ ಕರ್ಟ್ ಕೊಬೇನ್ 1994ರ ಜನವರೀಲಿ ರೋಲಿಂಗ್ ಸ್ಟೋನ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಆ ಹಾಡು ಬರೆಯುವಾಗ ಪಿಕ್ಸೀಸ್‌ನ ಕಾಪಿ ಹೊಡೆಯೋಕೆ ನೋಡ್ತಿದ್ದೆ ಅಂತ ತಾವೇ ಒಪ್ಕೊಂಡಿದ್ರು. ಸಂಕೋಚಾನೇ ಇಲ್ಲ ಮನುಷ್ಯನಿಗೆ, ಅದೇ ಇಷ್ಟ ಆಗೋದು.

ಒಂದು ಎಚ್ಚರಿಕೆ. ಸಣ್ಣ ದೊಡ್ಡ ಸದ್ದಿನ ಈ ಫಾರ್ಮುಲಾನೇ ಡೂಲಿಟಲ್ ಅಂತ ಎಲ್ಲಾ ಕಡೆ ಬರೀತಾರೆ, ಅದು ಸುಳ್ಳು. ಹಿಯರ್ ಕಮ್ಸ್ ಯುವರ್ ಮ್ಯಾನ್‌ನಲ್ಲಿ ಅದಿಲ್ಲ, ವೇವ್ ಆಫ್ ಮ್ಯುಟಿಲೇಶನ್ ಶುರುವಿಂದ ಕೊನೇವರೆಗೂ ಒಂದೇ ಓಟ, ಸಿಲ್ವರ್ ಇನ್ನೇನೋ ಬೇರೆ. ಆ ಒಂದು ಟ್ರಿಕ್ಕನ್ನ ಮಾತ್ರ ಲೋಕ ಎತ್ಕೊಂಡು ಹೋಯ್ತು, ಮಿಕ್ಕಿದ್ದು ಇನ್ನೂ ಅಲ್ಲೇ ಬಿದ್ದಿದೆ.

ಹೆಜ್ಜೆ 4: ಏನಿಲ್ಲ ಅನ್ನೋದನ್ನ ಕೇಳಿ

ಈ ಆಲ್ಬಂನ ಪ್ರೊಡ್ಯೂಸರ್ ಗಿಲ್ ನಾರ್ಟನ್, ಇಂಗ್ಲೆಂಡಿನವರು. 1988ರ ಅಕ್ಟೋಬರ್ ಕೊನೇಲಿ ಬಾಸ್ಟನ್ನಿನ ಡೌನ್‌ಟೌನ್ ರೆಕಾರ್ಡರ್ಸ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಶುರುವಾಗಿ, ಆಮೇಲೆ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಕ್ಯಾರೇಜ್ ಹೌಸ್ ಅನ್ನೋ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಆಗಿ, ಡಿಸೆಂಬರಲ್ಲಿ ಕೆಲಸ ಮುಗೀತು. ಬಜೆಟ್ 40,000 ಡಾಲರ್. ನಾರ್ಟನ್‌ಗೆ ಹಾಡುಗಳು ತೀರಾ ಗಿಡ್ಡ ಅನ್ಸಿ, ಇನ್ನೊಂದು ಚರಣ ಸೇರ್ಸೋಣ, ಪಲ್ಲವಿ ಇನ್ನೊಂದ್ಸಲ ಬರ್ಲಿ ಅಂತ ಹೇಳ್ತಾನೇ ಇದ್ರು, ಥಾಂಪ್ಸನ್‌ಗೆ ರೇಗಿಹೋಗಿ ಅವರನ್ನ ರೆಕಾರ್ಡ್ ಅಂಗಡಿಗೆ ಕರ್ಕೊಂಡು ಹೋಗಿ 1950ರ ದಶಕದ ರಾಕ್ ಹಾಡುಗಾರ ಬಡ್ಡಿ ಹಾಲಿ ಹಿಟ್ಸ್ ಆಲ್ಬಂನ ಹಿಂಬದಿ ತೋರ್ಸಿದ್ರು, ಹಾಡುಗಳೆಲ್ಲಾ ಎರಡೆರಡು ನಿಮಿಷದ್ದು, ಬಡ್ಡಿ ಹಾಲಿಗೆ ಸಾಕಾಗಿದ್ದು ನಂಗೂ ಸಾಕು ಅನ್ನೋ ಹಾಗೆ.

ಈ ಕಥೆ ತಿಳ್ಕೊಂಡು ಈಗ ಕೇಳುವಾಗ ಒಂದು ಕೆಲಸ ಮಾಡಿ. ಪ್ರತಿ ಹಾಡು ಮುಗಿದ ಜಾಗದಲ್ಲಿ, ಬೇರೆ ಯಾವ್ದಾದ್ರೂ ಬ್ಯಾಂಡ್ ಆಗಿದ್ರೆ ಇಲ್ಲಿ ಇನ್ನೇನು ಹಾಕಿರೋರು ಅಂತ ಯೋಚ್ನೆ ಮಾಡಿ. ಕ್ರ್ಯಾಕಿಟಿ ಜೋನ್ಸ್ ಒಂದೂವರೆ ನಿಮಿಷ ಆಗೋ ಮುಂಚೆ ಮುಗೀತದೆ. ದೇರ್ ಗೋಸ್ ಮೈ ಗನ್‌ನಲ್ಲಿ ಪದಗಳೇ ಬೆರಳೆಣಿಕೆಯಷ್ಟು. ಇಷ್ಟೊಂದು ಜಿಪುಣತನದ ನಡುವೆ ನಂ. 13 ಬೇಬಿ ಹಾಡಲ್ಲಿ ಮಾತ್ರ ಮಾತು ಮುಗಿದ ಮೇಲೂ ವಾದ್ಯಗಳು ಸುಮಾರು ಹೊತ್ತು ಹಾಗೇ ಸಾಗ್ತಾ ಹೋಗತ್ತೆ, ಬೇರೆ ಆಲ್ಬಂಲಿ ಆಗಿದ್ರೆ ಅದು ಮಾಮೂಲಿ, ಇಲ್ಲಿ ಅದು ಐಷಾರಾಮ. ಮಂಕಿ ಗಾನ್ ಟು ಹೆವನ್‌ನಲ್ಲಿ ಎರಡು ವಯಲಿನ್ ಎರಡು ಚೆಲ್ಲೋ ಇದೆ, ಅವರ ಹಾಡಲ್ಲಿ ಹೊರಗಿನ ವಾದ್ಯದವರು ಬಂದಿದ್ದು ಅದೇ ಮೊದಲು, ಆದ್ರೂ ಅದನ್ನ ಎಷ್ಟು ಹಿಡಿದು ಬಳಸಿದಾರೆ ಅಂದ್ರೆ ಹೇಳದೇ ಇದ್ರೆ ಕೆಲವರಿಗೆ ಅದು ಇದೆ ಅಂತಾನೇ ಗೊತ್ತಾಗಲ್ಲ.

ಸ್ಯಾಂಟಿಯಾಗೊ ಗಿಟಾರ್‌ನ ಕೇಳೋಕೂ ಇದೇ ಒಳ್ಳೇ ಸಮಯ. ಫಾಸ್ಟಾಗಿ ನುಡಿಸಿ ಮೆಚ್ಚಿಸೋ ಆಸಾಮಿ ಅಲ್ಲ. ಒಂದು ನೋಟ್ ಹಿಡ್ದು ಎಳೆದು ತಿರುಚಿ, ಸ್ವಲ್ಪ ಅಪಸ್ವರದ ಅಂಚಿಗೆ ತಂದು ಅಲ್ಲೇ ಬಿಟ್ಬಿಡ್ತಾರೆ. ಡೆಡ್ ಹಾಡಲ್ಲಿ ಗಿಟಾರ್ ಮಾಡೋ ಕರ್ಕಶ ಸದ್ದಿಗೆ ಮುಖ ಹಿಂಡ್ಕೊಂಡ್ರೆ ಸರಿಯಾಗೇ ಕೇಳ್ತಿದೀರ ಅಂತ ಅರ್ಥ.

ಹೆಜ್ಜೆ 5: ಪದಗಳು, ಆದ್ರೆ ಈಗ

ಇಷ್ಟು ಹೊತ್ತು ಸಾಹಿತ್ಯ ಬೇಡ ಅಂದಿದ್ದು ಯಾಕಂದ್ರೆ ಮೊದಲೇ ಅದನ್ನ ಓದ್ತಾ ಕೂತ್ರೆ ಅರ್ಥ ಹುಡುಕೋ ಚಟ ಹತ್ತತ್ತೆ. ಪದಗಳನ್ನ ಅರ್ಥಕ್ಕಿಂತ ಬಾಯಲ್ಲಿ ಹೇಗೆ ಕೂರತ್ತೆ ಅನ್ನೋದಕ್ಕೆ ಆರಿಸ್ಕೊಂಡಿರೋದು ಕೇಳಿದ್ರೇ ಗೊತ್ತಾಗತ್ತೆ. ಆದ್ರೂ ಹಿಂದೆ ಏನೇನಿದೆ ಅಂತ ತಿಳ್ಕೊಂಡ್ರೆ ಮಜಾ ಬೇರೆ.

ಡಿಬೇಸರ್ ಬಂದಿರೋದು ಲೂಯಿ ಬುನುಯೆಲ್ ಮತ್ತೆ ಸಾಲ್ವಡಾರ್ ಡಾಲಿ 1929ರಲ್ಲಿ ಮಾಡಿದ ಉನ್ ಶಿಯೆನ್ ಆಂಡಾಲೂ ಅನ್ನೋ ಕಿರುಚಿತ್ರದಿಂದ. ಅರ್ಧ ಗಂಟೆಯೂ ಇಲ್ಲ, ನೋಡ್ಬಿಡಿ, ಆದ್ರೆ ಶುರುವಲ್ಲೇ ರೇಜರ್‌ನಲ್ಲಿ ಕಣ್ಣು ಸೀಳೋ ದೃಶ್ಯ ಇದೆ, ತಡೆಯಲ್ಲ ಅನ್ನೋರು ಅಷ್ಟನ್ನ ಮುಂದೆ ಓಡ್ಸಿ. ಡೆಡ್ ಮತ್ತೆ ಗೌಜ್ ಅವೇ ಎರಡೂ ಬೈಬಲ್ಲಿನ ಹಳೇ ಒಡಂಬಡಿಕೆಯ ಕಥೆಗಳು, ಒಂದು ದಾವೀದ ರಾಜ ಬೆತ್ಷೆಬೆಯನ್ನ ಬಯಸಿ ಅವಳ ಗಂಡ ಊರೀಯನನ್ನ ಯುದ್ಧದಲ್ಲಿ ಸಾಯೋ ಹಾಗೆ ಮಾಡಿದ್ದು, ಇನ್ನೊಂದು ಸಂಸೋನ ದೆಲೀಲರದ್ದು. ಎರಡನೇ ಸಮುವೇಲ 11ನೇ ಅಧ್ಯಾಯ, ನ್ಯಾಯಸ್ಥಾಪಕರು 16ನೇ ಅಧ್ಯಾಯ, ಎರಡೂ ಸೇರಿ ಹತ್ತು ಹದಿನೈದು ನಿಮಿಷದ ಓದು. ಸಂಸೋನನ ಕಣ್ಣು ಕಿತ್ತು ಕಂಬಗಳ ನಡುವೆ ನಿಲ್ಸಿದ ಕಥೆ ಓದ್ಕೊಂಡು ಬಂದು ಗೌಜ್ ಅವೇ ಕೇಳಿದ್ರೆ ಆ ಕಾಯ್ಸೋದು ಯಾಕೆ, ಆಮೇಲೆ ಮೇಲಿಂದ ಎಲ್ಲಾ ಕುಸಿಯೋದು ಯಾಕೆ ಅಂತ ಹೊಳೆಯತ್ತೆ. ಅಂದ ಹಾಗೆ ಆಲ್ಬಂ ಕಣ್ಣಿಂದಾನೇ ಶುರುವಾಗಿ ಕಣ್ಣಿಂದಾನೇ ಮುಗಿಯತ್ತೆ. ಬೇಕು ಅಂತಾನೇ ಮಾಡಿದ್ರೋ ಹಾಗೇ ಕೂತ್ಕೊಂಡ್ಬಿಡ್ತೋ, ನಂಗಂತೂ ಬೇಕು ಅಂತಾನೇ ಮಾಡಿದಾರೆ ಅಂತ ನಂಬೋಕೆ ಇಷ್ಟ.

ಹಿಯರ್ ಕಮ್ಸ್ ಯುವರ್ ಮ್ಯಾನ್ ಕೇಳೋಕೆ ಬೀಚ್ ಹಾಡಿನ ಥರ ಇದ್ರೂ ಒಳಗಿರೋದು ಗೂಡ್ಸ್ ರೈಲಲ್ಲಿ ಕದ್ದು ಓಡಾಡೋ ಅಲೆಮಾರಿಗಳು ಕ್ಯಾಲಿಫೋರ್ನಿಯಾ ಭೂಕಂಪದಲ್ಲಿ ಸಾಯೋದು. ಥಾಂಪ್ಸನ್ ಅದನ್ನ ಹದಿಹರೆಯದಲ್ಲೇ ಬರ್ದಿದ್ರು, ತೀರಾ ಪಾಪ್ ಅಂತ ಬ್ಯಾಂಡಿಗೆ ಅದ್ರ ಮೇಲೆ ನಾಚಿಕೆ. ವಿಡಿಯೋದಲ್ಲಿ ತುಟಿ ಆಡ್ಸೋ ಬದ್ಲು ಬಾಯಿ ಅಗಲ ತೆಗೆದು ಸುಮ್ನೆ ನಿಂತಿರ್ತಾರೆ, ಸಿಕ್ಕಿದ್ರೆ ನೋಡಿ. ಮಂಕಿ ಗಾನ್ ಟು ಹೆವನ್ ಸಮುದ್ರ ಹಾಳಾಗ್ತಿರೋದು, ಓಝೋನ್ ಪದರದಲ್ಲಿ ತೂತಾಗಿರೋದು ಇವುಗಳ ಬಗ್ಗೆ, ಅದ್ರಲ್ಲಿ ಬರೋ 5, 6, 7 ಅನ್ನೋ ಅಂಕಿಗಳು ಮನುಷ್ಯ, ಸೈತಾನ, ದೇವರು. ಕವರ್ ನೋಡಿ, ಕೋತಿ ತಲೆ ಸುತ್ತ ಪ್ರಭಾವಳಿ, ಪಕ್ಕದಲ್ಲಿ ಅದೇ ಅಂಕಿಗಳು. ವಾನ್ ಆಲಿವರ್ ಡಿಸೈನು, ಸೈಮನ್ ಲಾರ್ಬಲೆಸ್ಟಿಯರ್ ಫೋಟೋ, ಈ ಸಲ ಮೊದಲೇ ಹಾಡುಗಳ ಸಾಹಿತ್ಯ ಕೈಗೆ ಸಿಕ್ಕಿದ್ರಿಂದ ಚಿತ್ರಗಳು ಹಾಡುಗಳಿಗೆ ಅಂಟ್ಕೊಂಡೇ ಇವೆ.

ಹೆಜ್ಜೆ 6: ನೀವು ಸ್ಕಿಪ್ ಮಾಡೋ ಹಾಡು

ಎಲ್ಲರಿಗೂ ಒಂದೆರಡು ಇರತ್ತೆ, ಸಾಮಾನ್ಯವಾಗಿ ಲಾ ಲಾ ಲವ್ ಯೂ ಮತ್ತೆ ಸಿಲ್ವರ್. ಮೊದಲನೇದನ್ನ ಹಾಡಿರೋದು ಡ್ರಮ್ಮರ್ ಲವರಿಂಗ್, ಪ್ರೇಮಗೀತೆಗಳನ್ನ ಆಡ್ಕೊಂಡು ನಗೋ ಹಾಡು. ಅವರು ಮುಂದೆ ಮ್ಯಾಜಿಕ್ ಶೋ ಮಾಡ್ಕೊಂಡಿದ್ರು ಅಂತ ಗೊತ್ತಾದ್ಮೇಲೆ ನಂಗೆ ಆ ಹಾಡು ಜಾಸ್ತಿ ಹಿಡಿಸ್ತು. ಸಿಲ್ವರ್ ಆಲ್ಬಂಲಿ ಕಿಮ್ ಡೀಲ್ ಹೆಸರು ಬರಹಗಾರರ ಜಾಗದಲ್ಲಿ ಇರೋ ಒಂದೇ ಹಾಡು, ಅವರು ಸ್ಲೈಡ್ ಗಿಟಾರ್ ಹಿಡ್ಕೊಂಡ್ರೆ ಬೇಸ್ ನುಡಿಸಿರೋದು ಲವರಿಂಗ್. ಒಂಟಿಯಾಗಿ ಕೇಳಿದ್ರೆ ಅದು ನಿಲ್ಲಲ್ಲ, ನಿಜ. ಹೇ ಮತ್ತೆ ಗೌಜ್ ಅವೇ ನಡುವೆ ಇಟ್ಟು ಮೂರನ್ನೂ ಒಟ್ಟಿಗೆ ಕೇಳಿ ಆಮೇಲೆ ಹೇಳಿ. ಹೇ ಹಾಡಿನ ನಂತರ ಬೇರೆ ಏನು ಬಂದ್ರೂ ತಡ್ಕೊಳೋಕೆ ಆಗ್ತಿರ್ಲಿಲ್ಲ, ಥಾಂಪ್ಸನ್ ಡೀಲ್ ಇಬ್ಬರ ದನಿ ಅಲ್ಲಿ ಒಂದಕ್ಕೊಂದು ತಗಲಿ ಬಿಡೋದು ಪಿಕ್ಸೀಸ್ ಮಾಡಿದ್ರಲ್ಲೆಲ್ಲಾ ಅತ್ಯುತ್ತಮ ಅನ್ನೋದು ನನ್ನ ಲೆಕ್ಕ.

ಹೆಜ್ಜೆ 7: ಹಿಂದಕ್ಕೊಂದು, ಮುಂದಕ್ಕೆರಡು

ಹಿಂದಕ್ಕೆ ಅಂದ್ರೆ 1988ರ ಸರ್ಫರ್ ರೋಸಾ. ಫೈಟ್ ಕ್ಲಬ್ ಸಿನಿಮಾದ ಕೊನೇಲಿ ಬರೋ ವೇರ್ ಈಸ್ ಮೈ ಮೈಂಡ್ ಮೂಲಕ ಪಿಕ್ಸೀಸ್ ಗೊತ್ತಾದೋರೇ ಜಾಸ್ತಿ, ಆ ಹಾಡು ಇರೋದು ಇದ್ರಲ್ಲಿ, ಡೂಲಿಟಲ್‌ನಲ್ಲಲ್ಲ. ರೆಕಾರ್ಡ್ ಮಾಡಿದ್ದು ಸ್ಟೀವ್ ಅಲ್ಬಿನಿ, ಡ್ರಮ್ಸ್ ನಿಮ್ಮ ಕೋಣೇಲೇ ಬಾರಿಸ್ತಿರೋ ಹಾಗೆ ಬಡಿಯತ್ತೆ, ಕೆಲವು ಕಡೆ ನೈಜ ಪ್ರತಿಧ್ವನಿಗೋಸ್ಕರ ಕಿಮ್ ಡೀಲ್ ದನಿಯನ್ನ ಸ್ಟುಡಿಯೋ ಬಾತ್‌ರೂಮಲ್ಲಿ ರೆಕಾರ್ಡ್ ಮಾಡಿದಾರೆ. ಅದನ್ನ ಕೇಳಿ ಡೂಲಿಟಲ್‌ಗೆ ವಾಪಸ್ ಬಂದ್ರೆ ಗಿಲ್ ನಾರ್ಟನ್ ಎಷ್ಟು ಗುಡಿಸಿ ಒರೆಸಿದಾರೆ ಅಂತ ಗೊತ್ತಾಗತ್ತೆ. ಕೆಲವರಿಗೆ ಈ ಕ್ಲೀನ್ ಸೌಂಡ್ ಇಷ್ಟ ಇಲ್ಲ. ಇರ್ಲಿ, ಆದ್ರೆ ಪಿಸುಮಾತು ಪಿಸುಮಾತಾಗೇ ಕೇಳಿಸ್ಬೇಕು ಅಂದ್ರೆ ನೆಲ ಅಷ್ಟು ಕ್ಲೀನ್ ಇರ್ಲೇಬೇಕಿತ್ತು.

ಮುಂದಕ್ಕೆ ಅಂದ್ರೆ ಒಂದು ಬ್ರೀಡರ್ಸ್‌ನ ಪಾಡ್, 1990ರದ್ದು, ಡೂಲಿಟಲ್‌ನಲ್ಲಿ ತಮ್ಮ ಹಾಡುಗಳಿಗೆ ಹೆಚ್ಚು ಜಾಗ ಸಿಗದ ಕಿಮ್ ಡೀಲ್ ತಮ್ಮದೇ ಬ್ಯಾಂಡ್ ಕಟ್ಕೊಂಡು ಏನು ಮಾಡಿದ್ರು ಅಂತ ನೋಡೋಕೆ. ಇನ್ನೊಂದು ನಿರ್ವಾಣದ 1993ರ ಇನ್ ಯೂಟೆರೊ, ಅದನ್ನ ರೆಕಾರ್ಡ್ ಮಾಡಿದ್ದೂ ಅಲ್ಬಿನಿನೇ, ಹಾಗಾಗಿ ಹೋಲಿಸೋಕೆ ಸುಲಭ. ಇವೆರಡು ಸಾಕು, ಯಾರ್ಯಾರ ಮೇಲೆ ಪ್ರಭಾವ ಅಂತ ಪಟ್ಟಿ ಹಿಡ್ಕೊಂಡು ಹೊರಟ್ರೆ ಅದಕ್ಕೆ ಕೊನೆಯೇ ಇಲ್ಲ, ಡೂಲಿಟಲ್ ಮತ್ತೆ ಮರೆತೇ ಹೋಗತ್ತೆ.

ಹೆಜ್ಜೆ 8: ಉಳಿದ ಚೂರುಪಾರು

ಈಗ 2014ರ ಆ ದೊಡ್ಡ ಸೆಟ್ ತೆಗೀರಿ. ಎಲ್ಲಾ ಕೇಳ್ಬೇಕಾಗಿಲ್ಲ. ಮೊದಲು ವೇವ್ ಆಫ್ ಮ್ಯುಟಿಲೇಶನ್‌ನ ಯುಕೆ ಸರ್ಫ್ ವರ್ಶನ್, ಎರಡು ನಿಮಿಷದ ಓಟದ ಹಾಡನ್ನ ನಿಧಾನ ಮಾಡಿ ತೇಲಿಬಿಟ್ಟಿದಾರೆ, ಒರಿಜಿನಲ್‌ನಲ್ಲಿ ಓಟದ ರಭಸಕ್ಕೆ ಕಿವಿಗೆ ಬೀಳದ ರಾಗ ಇಲ್ಲಿ ಪೂರ್ತಿ ಸಿಗತ್ತೆ. ಆಮೇಲೆ ಕಿಮ್ ಡೀಲ್ ಹಾಡಿರೋ ಇನ್‌ಟು ದ ವೈಟ್, ಇದು ಆಲ್ಬಂ ಒಳಗೇ ಇರ್ಬೇಕಿತ್ತು ಅಂತ ವಾದ ಮಾಡೋರು ಸುಮಾರು ಜನ ಇದಾರೆ, ನಾನೂ ಆ ಗುಂಪಲ್ಲೇ. ಡೆಮೋಗಳಲ್ಲಿ ನಿಮಗೆ ಜಾಸ್ತಿ ಹಿಡಿಸಿದ ಹಾಡಿನದ್ದು ಒಂದು ಕೇಳಿದ್ರೆ ಸಾಕು, ನಾರ್ಟನ್ ಬರೋ ಮುಂಚೆ ಹೇಗಿತ್ತು ಅಂತ ಗೊತ್ತಾಗೋಕೆ.

ಇಷ್ಟೂ ಒಂದೇ ದಿನ ಮಾಡೋಕೆ ಹೋಗ್ಬೇಡಿ, ದಿನಕ್ಕೊಂದು ಹೆಜ್ಜೆ ಅಂದ್ರೂ ನಡೆಯತ್ತೆ. ಇದೆಲ್ಲಾ ಆದ್ಮೇಲೂ ಹಿಡಿಸ್ಲಿಲ್ವಾ, ಬಿಟ್ಬಿಡಿ, 1990ರ ಬೊಸ್ಸನೋವಾ ಟ್ರೈ ಮಾಡಿ, ಅದು ಇನ್ನೂ ಮೆತ್ತಗಿದೆ, ಬೀಚ್ ಹಾಡುಗಳ ಥರದ ಸರ್ಫ್ ಗಿಟಾರ್ ಜಾಸ್ತಿ. ಹಿಡಿಸ್ತು ಅಂದ್ರೆ ಮೊದಲು ಮಾಡ್ಬೇಕಾದ್ದು ಆ ಲೌಡ್ ಸೆಟ್ಟಿಂಗ್‌ನ ಬೇರೆ ಆಲ್ಬಂಗಳಿಗೂ ಆಫೇ ಇಟ್ಕೊಳ್ಳೋದು.